ಹಳೆಯ ಕಾರಿಗೆ ಹೊಸ ಸೌಕರ್ಯ: ಲೆಕ್ಕ ತಪ್ಪುವುದೆಲ್ಲಿ?

ಹಳೆಯ ಸ್ಪೋರ್ಟ್ಸ್ ಕಾರನ್ನು ಕೊಂಡು ಅದಕ್ಕೆ ಏರ್ ಕಂಡಿಷನರ್, ಪವರ್ ಸ್ಟಿಯರಿಂಗ್, ಎಲ್‌ಇಡಿ ದೀಪ, ಐದು ಗೇರಿನ ಪೆಟ್ಟಿಗೆ, ಹೊಸ ಧ್ವನಿವ್ಯವಸ್ಥೆ ಮುಂತಾದವನ್ನು ಜೋಡಿಸಿಕೊಡುವುದು ಯುರೋಪ್ ಮತ್ತು ಅಮೆರಿಕಗಳಲ್ಲಿ ಈಗ ಒಂದು ದೊಡ್ಡ ಕಸುಬು. ಇದಕ್ಕೆ ‘ರೆಸ್ಟೊಮಾಡ್’ ಎಂದು ಹೆಸರು. ಜೀರ್ಣೋದ್ಧಾರ, ಮಾರ್ಪಾಟು ಎಂಬ ಅರ್ಥದ ಎರಡು ಇಂಗ್ಲಿಷ್ ಪದಗಳನ್ನು ಬೆಸೆದು ಮಾಡಿದ ಪದವದು. ಈ ಕಸುಬಿನ ಬಗ್ಗೆ ಬರುವ ಬರಹಗಳು ಬಹುಮಟ್ಟಿಗೆ ಎರಡು ಬಗೆಯವು. ಒಂದು ಬಗೆಯವು ಹೊಸ ಸಲಕರಣೆಗಳನ್ನು ಬಾಯಿತುಂಬ ಹೊಗಳುತ್ತವೆ. ಇನ್ನೊಂದು ಬಗೆಯವು ಮಡಿವಂತರವು. ಒಂದು ತಿರುಪನ್ನೂ ಮುಟ್ಟಕೂಡದು ಎನ್ನುತ್ತವೆ. ಎರಡರಲ್ಲಿಯೂ ಕಾಣದ ಸಂಗತಿ ಎಂದರೆ ಲೆಕ್ಕ. ಎಷ್ಟು ವಾಟ್, ಎಷ್ಟು ಡಿಗ್ರಿ, ಎಷ್ಟು ಕಿಲೋಗ್ರಾಂ ಎಂಬ ಪ್ರಶ್ನೆಯನ್ನೇ ಕೇಳದೆ ಒಂದು ಯಂತ್ರದ ಬಗ್ಗೆ ತೀರ್ಪು ಕೊಡಲು ಸಾಧ್ಯವೆ?

ಉದಾಹರಣೆಗೆ ಒಂದೇ ಕಾರನ್ನು ತೆಗೆದುಕೊಳ್ಳೋಣ. ಇಂಗ್ಲೆಂಡಿನ ಜಾಗ್ವಾರ್ ಕಂಪನಿ 1961ರ ಮಾರ್ಚ್‌ನಲ್ಲಿ ಜಿನೀವಾ ಪ್ರದರ್ಶನದಲ್ಲಿ ಹೊರತಂದ ಇ-ಟೈಪ್ ಅದು. ಅದರ ಮೈಯ ರೇಖೆಗಳನ್ನು ರೂಪಿಸಿದ ಮಾಲ್ಕಮ್ ಸೇಯರ್ ವಿಮಾನ ಕಾರ್ಖಾನೆಯಿಂದ ಬಂದವರು. ಗಣಕಯಂತ್ರಗಳು ಕೈಗೆಟುಕದ ದಿನಗಳಲ್ಲಿ ಲಾಗರಿದಮ್ ಕೋಷ್ಟಕ ಮತ್ತು ಸ್ಲೈಡ್ ರೂಲ್ ಹಿಡಿದು ಅವರು ವಕ್ರರೇಖೆಗಳನ್ನು ಬಿಂದು ಬಿಂದುವಾಗಿ ಲೆಕ್ಕ ಹಾಕುತ್ತಿದ್ದರು. 3.8 ಲೀಟರಿನ ಆರು ಸಿಲಿಂಡರ್ ಎಂಜಿನ್, ಮೂರು ಕಾರ್ಬ್ಯುರೇಟರ್, ಕಂಪನಿಯ ಹೇಳಿಕೆಯಂತೆ 265 ಅಶ್ವಸಾಮರ್ಥ್ಯ, ನಾಲ್ಕೂ ಚಕ್ರಗಳಿಗೆ ಡಿಸ್ಕ್ ಬ್ರೇಕ್, ಹಿಂಚಕ್ರಗಳಿಗೆ ಸ್ವತಂತ್ರ ಸಸ್ಪೆನ್ಷನ್. ಇಷ್ಟಿದ್ದೂ ತೂಕ 1,200 ಕಿ.ಗ್ರಾಂ.ಗಿಂತ ಸ್ವಲ್ಪವಷ್ಟೇ ಹೆಚ್ಚು. ನ್ಯೂಯಾರ್ಕಿನ ಆಧುನಿಕ ಕಲಾ ಸಂಗ್ರಹಾಲಯ 1996ರಲ್ಲಿ ಇದರ 1963ರ ಮಾದರಿಯೊಂದನ್ನು ತನ್ನ ಸಂಗ್ರಹಕ್ಕೆ ಸೇರಿಸಿಕೊಂಡಿತು.

ಆದರೆ ಈ ಚೆಲುವೆಯ ಜೊತೆ ಬಾಳುವುದು ಸುಲಭವಲ್ಲ. ಮೊದಲನೆಯ ಗೇರಿಗೆ ಸಿಂಕ್ರೊಮೆಷ್ ಇಲ್ಲ. ಆಸನಗಳು ನೋಡಲು ಚೆಂದ, ಕುಳಿತರೆ ಬೆನ್ನುನೋವು. ಕಾಲಿಡುವ ಜಾಗ ಕಾದ ಹೆಂಚು. ರಾತ್ರಿ ದೀಪದ ಬೆಳಕು ಸಾಲದು. ನಗರದ ದಟ್ಟಣೆಯಲ್ಲಿ ನಿಂತರೆ ಉಷ್ಣತೆಯ ಮುಳ್ಳು ಬಲಕ್ಕೆ ವಾಲುತ್ತದೆ. ಆದ್ದರಿಂದ ಕೊಂಡವರಿಗೆ ಸುಧಾರಣೆಯ ಆಸೆ ಹುಟ್ಟುವುದು ಸಹಜ. ಅದನ್ನು ಅಪರಾಧವೆಂದು ನಾನು ಎಣಿಸುವುದಿಲ್ಲ. ಸೌಕರ್ಯವನ್ನು ಒಂದು ಬಿಡಿ ವಸ್ತುವೆಂದು ತಿಳಿದು ತಿರುಪು ಹಾಕಿ ಕೂರಿಸುತ್ತಾರಲ್ಲ, ನನ್ನ ತಕರಾರು ಅದಕ್ಕೆ. ಕಾರಿನೊಳಗೆ ಬಿಡಿಯಾದುದು ಯಾವುದೂ ಇಲ್ಲ. ಅದೊಂದು ಶಕ್ತಿಯ ಆಯವ್ಯಯ ಪತ್ರ; ಒಂದು ಕಡೆ ಖರ್ಚು ಬರೆದರೆ ಇನ್ನೊಂದು ಕಡೆ ಆದಾಯ ತೋರಿಸಲೇಬೇಕು.

ಡೈನಮೊ ಕೊಡುವುದೆಷ್ಟು?

ಮೊದಲು ವಿದ್ಯುತ್ತಿನ ಲೆಕ್ಕ ನೋಡೋಣ. 3.8 ಲೀಟರಿನ ಇ-ಟೈಪ್‌ನಲ್ಲಿದ್ದದ್ದು ಡೈನಮೊ. ಅದು ಕೊಡುವ ಪ್ರವಾಹ ಹೆಚ್ಚೆಂದರೆ 25ರಿಂದ 30 ಆಂಪೇರ್, ಅಂದರೆ ಸುಮಾರು 350 ವಾಟ್. ಮಳೆಯ ರಾತ್ರಿಯಲ್ಲಿ ಖರ್ಚೆಷ್ಟು? ಎರಡು ಮುಂದೀಪಗಳಿಗೆ 120 ವಾಟ್, ಉಳಿದ ಸಣ್ಣ ದೀಪಗಳಿಗೆ 40, ಇಗ್ನಿಷನ್ ಸುರುಳಿಗೆ 45, ಒರೆಸುವ ವೈಪರುಗಳಿಗೆ 50, ರೇಡಿಯೇಟರ್ ಫ್ಯಾನಿಗೆ ಸುಮಾರು 90. ಕೂಡಿದರೆ 345 ವಾಟ್. ತಯಾರಕರು ಆದಾಯಕ್ಕೆ ತಕ್ಕಷ್ಟೇ ಖರ್ಚು ಮಾಡಿದ್ದಾರೆ, ಉಳಿತಾಯ ಸೊನ್ನೆ. ಅದೂ ಎಂಜಿನ್ ವೇಗವಾಗಿ ತಿರುಗುತ್ತಿದ್ದಾಗ. ಕಾರು ನಿಂತು ಎಂಜಿನ್ ಸುಮ್ಮನೆ ತಿರುಗುವಾಗ ಡೈನಮೊ ಬಹುತೇಕ ಏನನ್ನೂ ಕೊಡದು; ಎಲ್ಲ ಖರ್ಚೂ ಬ್ಯಾಟರಿಯ ತಲೆಯ ಮೇಲೆ.

ಇಂಥ ಕಾರಿಗೆ ಏರ್ ಕಂಡಿಷನರಿನ ಗಾಳಿಯಂತ್ರ, ಹೆಚ್ಚುವರಿ ಫ್ಯಾನ್, ಕಂಪ್ರೆಸರಿನ ವಿದ್ಯುತ್ ಕ್ಲಚ್ ಎಂದು ಇನ್ನೊಂದು 390 ವಾಟ್ ಹೊರಿಸಿದರೆ ಖರ್ಚು ಎರಡು ಪಟ್ಟು ದಾಟುತ್ತದೆ. ಹಾಗಾಗಿ ಆಲ್ಟರ್ನೇಟರ್ ಬೇಕೇ ಬೇಕು. ಆಲ್ಟರ್ನೇಟರ್ ಏಕೆ ಮೇಲು ಎಂಬುದನ್ನು ವಿದ್ಯಾರ್ಥಿಗಳು ಗಮನಿಸಬೇಕು. ಡೈನಮೊದಲ್ಲಿ ಭಾರಿ ಪ್ರವಾಹ ಹುಟ್ಟುವುದು ತಿರುಗುವ ಸುರುಳಿಯಲ್ಲಿ. ಅದನ್ನು ದಿಕ್ಪರಿವರ್ತಕದ ತುಂಡುಗಳ ಮೇಲೆ ಉಜ್ಜುವ ಕುಂಚಗಳ ಮೂಲಕ ಹೊರತೆಗೆಯಬೇಕು. ವೇಗ ಹೆಚ್ಚಿದರೆ ಕಿಡಿ ಹಾರುತ್ತದೆ, ಸುರುಳಿ ಹೊರಕ್ಕೆ ಸಿಡಿಯುವ ಭಯವಿದೆ. ಆದ್ದರಿಂದ ರಾಟೆಯ ಅನುಪಾತವನ್ನು ತಗ್ಗಿಸಿಯೇ ಇಡಬೇಕು. ಆಲ್ಟರ್ನೇಟರಿನಲ್ಲಿ ಭಾರಿ ಪ್ರವಾಹ ಹುಟ್ಟುವುದು ನಿಂತ ಸುರುಳಿಯಲ್ಲಿ. ತಿರುಗುವ ಭಾಗಕ್ಕೆ ಕುಂಚಗಳ ಮೂಲಕ ಹೋಗುವುದು ಕೆಲವೇ ಆಂಪೇರುಗಳ ಕ್ಷೇತ್ರ ಪ್ರವಾಹ. ಹಾಗಾಗಿ ಅದನ್ನು ಎಷ್ಟೋ ವೇಗವಾಗಿ ತಿರುಗಿಸಬಹುದು, ಎಂಜಿನ್ ಮೆಲ್ಲನೆ ತಿರುಗುತ್ತಿದ್ದರೂ ವಿದ್ಯುತ್ ಸಿಗುತ್ತದೆ. ಸಿಲಿಕಾನ್ ಡಯೋಡ್ ಅಗ್ಗವಾದ ಮೇಲೆ ಇದು ಕಾರುಗಳಿಗೆ ಬಂತು. ಜಾಗ್ವಾರ್ ಕೂಡ 1964ರಲ್ಲಿ 4.2 ಲೀಟರ್ ಮಾದರಿ ತಂದಾಗ ಆಲ್ಟರ್ನೇಟರಿಗೆ ಬದಲಾಯಿತು. ಎಲ್ಲ ಗೇರುಗಳಿಗೂ ಸಿಂಕ್ರೊಮೆಷ್ ಕೊಟ್ಟಿತು, ಆಸನಗಳನ್ನು ತಿದ್ದಿತು. ಇ-ಟೈಪ್ ಕಂಡ ಅತ್ಯುತ್ತಮ ಸುಧಾರಣೆ ಇದೇ ಎಂದು ನನ್ನ ಅಭಿಪ್ರಾಯ. ಅದು ಕಾರಿನ ಗುಣವನ್ನು ಮುಟ್ಟಲಿಲ್ಲ, ದೋಷವನ್ನು ಮುಟ್ಟಿತು.

ಹಳೆಯದಕ್ಕೆ ಆಲ್ಟರ್ನೇಟರ್ ಹಾಕುವವರು ಮರೆಯುವ ಒಂದು ಸೂಕ್ಷ್ಮವಿದೆ. 3.8ರ ಕಾರಿನಲ್ಲಿ ಬ್ಯಾಟರಿಯ ಧನ ತುದಿ ಕಾರಿನ ಮೈಗೆ ಸೇರಿತ್ತು. ಇಂದಿನ ಸಲಕರಣೆಗಳೆಲ್ಲ ಋಣ ತುದಿ ಮೈಗೆ ಸೇರಬೇಕೆಂದು ಬಯಸುತ್ತವೆ. ಬ್ಯಾಟರಿಯ ತಂತಿ ಅದಲುಬದಲು ಮಾಡಿದರೆ ಮುಗಿಯಿತೆಂದು ಭಾವಿಸಿ ಇಗ್ನಿಷನ್ ಸುರುಳಿಯ ತುದಿಗಳನ್ನು ಹಾಗೆಯೇ ಬಿಟ್ಟರೆ ಕಾರೇನೋ ಓಡುತ್ತದೆ, ಆದರೆ ಕಿಡಿಯ ದಿಕ್ಕು ತಿರುಗಿರುತ್ತದೆ. ಸ್ಪಾರ್ಕ್ ಪ್ಲಗ್ಗಿನ ನಡುವಿನ ಕಡ್ಡಿ ಹೊರಗಿನ ಕೊಕ್ಕೆಗಿಂತ ಬಿಸಿಯಾಗಿರುತ್ತದೆ. ಬಿಸಿ ಲೋಹದಿಂದ ಎಲೆಕ್ಟ್ರಾನುಗಳು ಸುಲಭವಾಗಿ ಹೊರಬೀಳುತ್ತವೆಯಾದ್ದರಿಂದ ನಡುವಿನ ಕಡ್ಡಿ ಋಣವಾಗಿದ್ದರೆ ಕಡಿಮೆ ವೋಲ್ಟೇಜಿನಲ್ಲಿ ಕಿಡಿ ಹಾರುತ್ತದೆ. ದಿಕ್ಕು ತಪ್ಪಿದರೆ ಹೆಚ್ಚು ವೋಲ್ಟೇಜು ಬೇಕು; ಹಳೆಯ ಸುರುಳಿ, ಚಳಿಯ ಬೆಳಗು ಸೇರಿದರೆ ಎಂಜಿನ್ ಮೊಂಡು ಹಿಡಿಯುತ್ತದೆ. ಉಷ್ಣ ಎಲೆಕ್ಟ್ರಾನ್ ಉತ್ಸರ್ಜನೆಯನ್ನು ನಿರ್ವಾತ ಕವಾಟಗಳ ಜೊತೆಗೇ ಪಠ್ಯದಿಂದ ಹೊರಗೆ ಹಾಕಿದ ನಾವು ಅದು ಪ್ಲಗ್ಗಿನ ತುದಿಯಲ್ಲಿ ಇನ್ನೂ ಕೆಲಸ ಮಾಡುತ್ತಿದೆ ಎಂಬುದನ್ನು ಮಕ್ಕಳಿಗೆ ಹೇಳುವುದೇ ಇಲ್ಲ.

ತಂಪಿಗೆ ತೆರುವ ಬಿಸಿ

ಏರ್ ಕಂಡಿಷನರಿನ ವಿಷಯಕ್ಕೆ ಬರೋಣ. 265 ಅಶ್ವಸಾಮರ್ಥ್ಯವೆಂದರೆ ಸುಮಾರು 198 ಕಿಲೋವಾಟ್. ಅದರಲ್ಲಿ ಕಂಪ್ರೆಸರ್ ತಿನ್ನುವುದು ಎರಡು ಕಿಲೋವಾಟ್. ಇದೇನು ಮಹಾ ಎಂದು ಮಾರಾಟಗಾರರು ಹೇಳುತ್ತಾರೆ. ವಾದ ಸರಿಯಾಗಿ ಕಾಣುತ್ತದೆ, ಆದರೆ ಪ್ರಶ್ನೆಯೇ ತಪ್ಪು. ಎಂಜಿನ್ನಿನ ಗರಿಷ್ಠ ಸಾಮರ್ಥ್ಯಕ್ಕೂ ದಟ್ಟಣೆಯಲ್ಲಿ ನಿಂತ ಕಾರಿಗೂ ಏನು ಸಂಬಂಧ? ಅಲ್ಲಿ ನೋಡಬೇಕಾದದ್ದು ಉಷ್ಣವನ್ನು.

ನಿಂತು ತಿರುಗುವ ಎಂಜಿನ್ ಗಂಟೆಗೆ ಸುಮಾರು ಎರಡು ಲೀಟರ್ ಪೆಟ್ರೋಲ್ ಕುಡಿಯುತ್ತದೆ ಎಂದುಕೊಳ್ಳೋಣ. ಲೀಟರಿಗೆ 32 ಮೆಗಾಜೂಲ್ ಹಿಡಿದರೆ 18 ಕಿಲೋವಾಟ್ ಆಯಿತು. ಇದರ ಮೂರರಲ್ಲೊಂದು ಪಾಲು, ಅಂದರೆ ಆರು ಕಿಲೋವಾಟ್, ತಂಪುನೀರಿನ ಮೂಲಕ ರೇಡಿಯೇಟರಿಗೆ ಹೋಗುತ್ತದೆ. ಈಗ ಏರ್ ಕಂಡಿಷನರ್. ಅದು ಕಾರಿನೊಳಗಿನಿಂದ ಮೂರೂವರೆ ಕಿಲೋವಾಟ್ ಉಷ್ಣವನ್ನು ಎತ್ತಿ, ತಾನು ತಿಂದ ಎರಡು ಕಿಲೋವಾಟನ್ನೂ ಸೇರಿಸಿ, ಐದೂವರೆ ಕಿಲೋವಾಟನ್ನು ಕಂಡೆನ್ಸರಿನಲ್ಲಿ ಹೊರಹಾಕುತ್ತದೆ. ಕಂಡೆನ್ಸರ್ ಇರುವುದೆಲ್ಲಿ? ರೇಡಿಯೇಟರಿನ ಮುಂದೆ. ಫ್ಯಾನ್ ಸೆಕೆಂಡಿಗೆ 0.3 ಕಿ.ಗ್ರಾಂ. ಗಾಳಿ ಎಳೆಯುತ್ತಿದ್ದರೆ ಆ ಗಾಳಿ ಕಂಡೆನ್ಸರ್ ದಾಟುವಾಗಲೇ 18 ಡಿಗ್ರಿ ಬಿಸಿಯಾಗಿರುತ್ತದೆ. ಹೊರಗೆ 35 ಡಿಗ್ರಿ ಇದ್ದರೆ ರೇಡಿಯೇಟರಿಗೆ ಸಿಗುವುದು 53 ಡಿಗ್ರಿಯ ಗಾಳಿ. 90 ಡಿಗ್ರಿಯ ನೀರಿಗೂ ಗಾಳಿಗೂ ಇದ್ದ 55 ಡಿಗ್ರಿಯ ಅಂತರ 37ಕ್ಕೆ ಇಳಿಯಿತು. ನ್ಯೂಟನ್ನನ ತಂಪಾಗುವಿಕೆಯ ನಿಯಮ ನೆನಪಿದ್ದವರಿಗೆ ಮುಂದಿನದನ್ನು ಹೇಳಬೇಕಿಲ್ಲ: ರೇಡಿಯೇಟರಿನ ಕೆಲಸ ಮೂರರಲ್ಲೊಂದು ಪಾಲು ಕುಗ್ಗಿತು. ಅಂಬಾಸಡರಿಗೆ ಏರ್ ಕಂಡಿಷನರ್ ಹಾಕಿಸಿದವರು ಘಾಟಿ ಹತ್ತುವಾಗ ಅದನ್ನು ಆರಿಸಿ ಕಿಟಕಿ ಇಳಿಸುತ್ತಿದ್ದುದನ್ನು ಹಿರಿಯ ಓದುಗರು ನೆನೆಯಬಹುದು.

ಇ-ಟೈಪ್‌ಗೆ ಇದು ಇನ್ನೂ ಕಷ್ಟ. ಸೇಯರ್ ಅವರು ಗಾಳಿಯನ್ನು ಸೀಳಲೆಂದು ಅದರ ಬಾಯಿಯನ್ನು ಚಿಕ್ಕದಾಗಿ, ಉದ್ದ ಅಂಡಾಕಾರವಾಗಿ ಇಟ್ಟಿದ್ದರು. ಅದು ವೇಗದಲ್ಲಿ ಓಡುವ ಕಾರಿನ ಬಾಯಿ, ಟ್ರಾಫಿಕ್ ಸಿಗ್ನಲಿನಲ್ಲಿ ಏದುಸಿರು ಬಿಡುವ ಕಾರಿನದಲ್ಲ. ಕಂಪನಿಯೇ 1968ರಲ್ಲಿ ಎರಡನೆಯ ಸರಣಿಯಲ್ಲಿ ಏರ್ ಕಂಡಿಷನರನ್ನು ಐಚ್ಛಿಕವಾಗಿ ಕೊಡಹೊರಟಾಗ ಬಾಯಿಯನ್ನು ಹಿಗ್ಗಿಸಬೇಕಾಯಿತು, ಜೋಡಿ ವಿದ್ಯುತ್ ಫ್ಯಾನುಗಳನ್ನು ಇಡಬೇಕಾಯಿತು. 1971ರ ಮೂರನೆಯ ಸರಣಿಗೆ 5.3 ಲೀಟರಿನ ಹನ್ನೆರಡು ಸಿಲಿಂಡರ್ ಎಂಜಿನ್ ಬಂತು, ಪವರ್ ಸ್ಟಿಯರಿಂಗ್ ಎಲ್ಲ ಕಾರುಗಳಿಗೂ ಬಂತು, ತೂಕ 1,500 ಕಿ.ಗ್ರಾಂ. ಹತ್ತಿರಕ್ಕೆ ಹೋಯಿತು. ಸುಖ ಹೆಚ್ಚಿತು. ಆದರೂ ಇಂದು ಸಂಗ್ರಾಹಕರು ಹೆಚ್ಚು ಹುಡುಕುವುದು ಮೊದಲನೆಯ ಸರಣಿಯನ್ನೇ. ಹಾಗೆ ಹುಡುಕಿ ತಂದ ಮೊದಲನೆಯ ಸರಣಿಯ ಕಾರಿಗೆ ಮೂರನೆಯ ಸರಣಿಯ ಸುಖಗಳನ್ನೆಲ್ಲ ತುಂಬಿಸುವುದು ನನಗೆ ಇಂದಿಗೂ ಅರ್ಥವಾಗದ ವ್ಯಾಪಾರ.

ಲಂಗೋಟಿಯನ್ನು ಇಲಿ ಕಡಿಯದಿರಲೆಂದು ಬೆಕ್ಕು ಸಾಕಿ, ಬೆಕ್ಕಿನ ಹಾಲಿಗೆ ಹಸು ಕಟ್ಟಿ, ಹಸುವಿನ ಮೇವಿಗೆ ಹೊಲ ಮಾಡಿ ಕಡೆಗೆ ಸಂಸಾರಿಯಾದ ಸನ್ಯಾಸಿಯ ಕಥೆ ನಮಗೆಲ್ಲ ಗೊತ್ತು. ರೆಸ್ಟೊಮಾಡ್ ಕಾರ್ಯಾಗಾರದಲ್ಲಿ ಆ ಕಥೆ ದಿನವೂ ನಡೆಯುತ್ತದೆ. ತಂಪಿಗೆಂದು ಕಂಪ್ರೆಸರ್, ಅದಕ್ಕಾಗಿ ಆಲ್ಟರ್ನೇಟರ್, ದಪ್ಪ ರೇಡಿಯೇಟರ್, ಇನ್ನೊಂದು ಫ್ಯಾನ್, ಇವುಗಳ ತೂಕಕ್ಕೆ ಗಡಸು ಸ್ಪ್ರಿಂಗ್, ಗಡಸು ಸ್ಪ್ರಿಂಗಿನಿಂದ ಕುಲುಕಾಟ, ಕುಲುಕಾಟಕ್ಕೆ ಹೊಸ ಆಸನ.

ಕೈಗೆ ಸಿಗುವ ಸುದ್ದಿ

ಪವರ್ ಸ್ಟಿಯರಿಂಗ್ ಇದಕ್ಕಿಂತ ಸೂಕ್ಷ್ಮವಾದ ವಿಷಯ. ತಿರುವಿನಲ್ಲಿ ಟೈರು ನೆಲವನ್ನು ಹಿಡಿಯುವಾಗ ಅಡ್ಡಬಲ ಹುಟ್ಟುತ್ತದೆ. ಈ ಬಲದ ಒಟ್ಟು ಪರಿಣಾಮ ನೆಲಸಂಪರ್ಕದ ನಡುವಿನಲ್ಲಲ್ಲ, ಸ್ವಲ್ಪ ಹಿಂದೆ ಬೀಳುತ್ತದೆ. ಆ ಅಂತರವೇ ಸನ್ನೆಯ ತೋಳಾಗಿ ಚಕ್ರವನ್ನು ನೇರಕ್ಕೆ ತಿರುಗಿಸಲು ನೋಡುತ್ತದೆ. ಚಾಲಕನ ಅಂಗೈಗೆ ತಟ್ಟುವ ಎದುರೊತ್ತು ಇದೇ. ತಿರುವು ಬಿಗಿಯಾಗುತ್ತ ಹೋದಂತೆ ಸಂಪರ್ಕದ ಹಿಂಭಾಗದ ರಬ್ಬರ್ ಮೊದಲು ಜಾರತೊಡಗುತ್ತದೆ, ಬಲಬಿಂದು ಮುಂದಕ್ಕೆ ಸರಿಯುತ್ತದೆ, ತೋಳು ಗಿಡ್ಡವಾಗುತ್ತದೆ. ಅಡ್ಡಬಲ ಇನ್ನೂ ಏರುತ್ತಿರುವಾಗಲೇ ಎದುರೊತ್ತು ಇಳಿಯತೊಡಗುತ್ತದೆ. ಅಂದರೆ ಟೈರು ಪೂರ್ತಿ ಜಾರುವ ಮೊದಲೇ ಸ್ಟಿಯರಿಂಗ್ ಹಗುರಾಗಿ ಎಚ್ಚರಿಸುತ್ತದೆ. ಎಲೆಕ್ಟ್ರಾನಿಕ್ ಜಾರುತಡೆ ಇಲ್ಲದ 1961ರ ಕಾರಿನಲ್ಲಿ ಚಾಲಕನಿಗಿದ್ದ ಮುಖ್ಯ ಸುರಕ್ಷಾ ಸಾಧನ ಇದು.

ಈಗ ಸಿಗುವ ವಿದ್ಯುತ್ ನೆರವಿನ ಕಿಟ್ಟು ಸ್ಟಿಯರಿಂಗ್ ದಂಡಕ್ಕೆ ಒಂದು ಮೋಟರನ್ನು ಜೋಡಿಸುತ್ತದೆ. ನಾಲ್ಕರಲ್ಲಿ ಮೂರು ಪಾಲು ಶ್ರಮವನ್ನು ಮೋಟರ್ ವಹಿಸಿಕೊಂಡರೆ 4 ನ್ಯೂಟನ್-ಮೀಟರಿನ ಇಳಿಕೆ ಕೈಗೆ 1 ನ್ಯೂಟನ್-ಮೀಟರಾಗಿ ಮುಟ್ಟುತ್ತದೆ. ಗೇರು ಮತ್ತು ಬೇರಿಂಗುಗಳ ಘರ್ಷಣೆಯಲ್ಲಿ ಅಷ್ಟು ಚಿಕ್ಕ ಸುದ್ದಿ ಮುಳುಗಿಹೋಗಬಹುದು. ಹೊಸ ಕಾರುಗಳಲ್ಲಿ ವೇಗಕ್ಕೆ ತಕ್ಕಂತೆ ನೆರವನ್ನು ತಗ್ಗಿಸುವ ವ್ಯವಸ್ಥೆಯೂ ಜಾರುತಡೆಯೂ ಇವೆ. ಹಳೆಯ ಕಾರಿಗೆ ನೆರವನ್ನು ಮಾತ್ರ ಕೊಟ್ಟು ಉಳಿದೆರಡನ್ನು ಕೊಡದಿದ್ದರೆ ಸೌಕರ್ಯದ ಹೆಸರಿನಲ್ಲಿ ಸುರಕ್ಷೆ ಹೋಯಿತು.

ಸ್ಟಿಯರಿಂಗ್ ಏಕೆ ಭಾರವಾಯಿತೆಂದು ಹುಡುಕಿದರೆ ಎಷ್ಟೋ ಸಲ ಅದೇ ಕಾರ್ಯಾಗಾರದ ಇನ್ನೊಂದು ‘ಸುಧಾರಣೆ’ ಸಿಕ್ಕಿಬೀಳುತ್ತದೆ. ನೋಟಕ್ಕೆಂದು ಅಗಲ ಚಕ್ರ ಹಾಕಿದಾಗ ನೆಲಸಂಪರ್ಕದ ನಡುಬಿಂದು ಸ್ಟಿಯರಿಂಗ್ ಅಕ್ಷದಿಂದ ದೂರ ಸರಿದಿರುತ್ತದೆ. ಅಂದಕ್ಕೆಂದು 16 ಅಂಗುಲದ ಮೂಲ ಸ್ಟಿಯರಿಂಗ್ ಚಕ್ರ ತೆಗೆದು 14 ಅಂಗುಲದ್ದನ್ನು ಹಾಕಿರುತ್ತಾರೆ. ಅಷ್ಟರಿಂದಲೇ ಕೈಬಲ ಶೇಕಡ 14ರಷ್ಟು ಹೆಚ್ಚಬೇಕು. ಸನ್ನೆಯ ನಿಯಮವನ್ನು ಎಂಟನೆಯ ತರಗತಿಯಲ್ಲಿ ಓದಿದವರು ಇಲ್ಲಿ ಮೋಟರ್ ಕೇಳಲಾರರು.

ಕಡಿಮೆ ಖರ್ಚಿನ ಸುಖ

ಹಾಗಾದರೆ ಒಪ್ಪತಕ್ಕ ಸುಧಾರಣೆಗಳೇ ಇಲ್ಲವೆ? ಇವೆ. ಅವು ಅಗ್ಗ, ಬಹುಶಃ ಅದಕ್ಕಾಗಿಯೇ ಜಾಹೀರಾತಿನಲ್ಲಿ ಕಾಣುವುದಿಲ್ಲ.

ಕಾಲಿನ ಜಾಗದ ಬಿಸಿಯನ್ನು ನೋಡಿ. ಹೊಗೆಕೊಳವೆಯ ಮೈ 300 ಡಿಗ್ರಿ ಸೆಲ್ಸಿಯಸ್ ಇದ್ದರೆ ಪ್ರತಿ ಚದರ ಮೀಟರಿನಿಂದ ಸುಮಾರು 4 ಕಿಲೋವಾಟಿನಷ್ಟು ವಿಕಿರಣ ಹೊರಡುತ್ತದೆ. ಬಣ್ಣ ಬಳಿದ ನೆಲತಗಡು ಅದನ್ನು ಬಹುತೇಕ ನುಂಗುತ್ತದೆ. ನಡುವೆ ಹೊಳೆಯುವ ಅಲ್ಯೂಮಿನಿಯಮ್ ಹಾಳೆಯ ಮರೆ ಇಟ್ಟರೆ ಕೊಳವೆಯಿಂದ ವಿಕಿರಣವಾಗಿ ದಾಟುವ ಉಷ್ಣ ಹದಿನೈದರಲ್ಲಿ ಒಂದು ಪಾಲಿಗೆ ಇಳಿಯುತ್ತದೆ. ಹಾಳೆ ಮಸಿ ಹಿಡಿಯದೆ ಹೊಳೆಯುತ್ತಿರಬೇಕು ಎಂಬುದೊಂದೇ ಷರತ್ತು. ತೂಕ ಒಂದೆರಡು ಕಿಲೋ, ವಿದ್ಯುತ್ ಖರ್ಚು ಸೊನ್ನೆ, ಬೇಡವೆಂದರೆ ಬಿಚ್ಚಿಬಿಡಬಹುದು. ಇದನ್ನು ಮಾಡಿದ ಮೇಲೂ ಏರ್ ಕಂಡಿಷನರ್ ಬೇಕೆನಿಸಿದರೆ ಆಗ ಯೋಚಿಸಲಿ.

ದೀಪದ ಮಾತೂ ಹೀಗೆಯೇ. ತಂತುದೀಪದ ಬೆಳಕು ವೋಲ್ಟೇಜಿನ ಸುಮಾರು 3.4ನೆಯ ಘಾತಕ್ಕೆ ಅನುಪಾತದಲ್ಲಿರುತ್ತದೆ. ಹಳೆಯ ಸ್ವಿಚ್ಚು, ಉದ್ದ ತಂತಿಗಳಲ್ಲಿ ಶೇಕಡ 10 ವೋಲ್ಟೇಜು ಸೋರಿದರೆ ಬೆಳಕು ಶೇಕಡ 30 ಕಡಿಮೆ. ದೀಪದ ಹತ್ತಿರ ಒಂದು ರಿಲೇ ಇಟ್ಟು ಬ್ಯಾಟರಿಯಿಂದ ದಪ್ಪ ತಂತಿ ಎಳೆದರೆ ಕಳೆದ ಬೆಳಕು ಮರಳಿ ಬರುತ್ತದೆ. ಹಾಗೆ ಮಾಡದೆ ಎಲ್‌ಇಡಿ ಬಲ್ಬು ತುರುಕಿದರೆ ಏನಾಗುತ್ತದೆ? ಆ ಕಾಲದ ಪ್ರತಿಫಲಕವನ್ನು ರೂಪಿಸಿದ್ದು ನಾಭಿಯಲ್ಲಿರುವ ಸಣ್ಣ ತಂತುವಿಗಾಗಿ. ಎಲ್‌ಇಡಿಯ ಬೆಳಕಿನ ಮೂಲ ಬೇರೆ ಆಕಾರದ್ದು. ನಾಭಿಯಲ್ಲಿ ಸರಿಯಾಗಿ ಕೂರದಿದ್ದರೆ ಕಿರಣಗಳು ಚೆದರಿ ಎದುರು ಬರುವವರ ಕಣ್ಣಿಗೆ ಹೊಡೆಯುತ್ತವೆ. ರಸ್ತೆಯ ಮೇಲೆ ಬೀಳುವ ಬೆಳಕು ಹೆಚ್ಚಿತೆಂಬ ಖಾತರಿಯೂ ಇಲ್ಲ.

ಐದು ಗೇರಿನ ಪೆಟ್ಟಿಗೆಯನ್ನೂ ನಾನು ಒಪ್ಪುತ್ತೇನೆ, ಮೈಯ ತಗಡನ್ನು ಕತ್ತರಿಸದೆ ಕೂರುವಂತಿದ್ದರೆ. 100 ಕಿ.ಮೀ. ವೇಗದಲ್ಲಿ ಎಂಜಿನ್ ನಿಮಿಷಕ್ಕೆ 2,500 ಸುತ್ತಿನ ಬದಲು 2,000 ಸುತ್ತಿದರೆ ಸದ್ದೂ ಸವೆತವೂ ಇಳಿಯುತ್ತವೆ. ಹಳೆಯ ಪೆಟ್ಟಿಗೆಗೆ ಎಣ್ಣೆ ಬಳಿದು ಅಟ್ಟದ ಮೇಲಿಡಬಹುದು.

ಎಂಜಿನ್ನೇ ಇಲ್ಲದ ಇ-ಟೈಪ್

2017ರ ಸೆಪ್ಟೆಂಬರಿನಲ್ಲಿ ಜಾಗ್ವಾರ್ ಕಂಪನಿಯೇ ‘ಇ-ಟೈಪ್ ಝೀರೊ’ ಎಂಬ ವಿದ್ಯುತ್ ಕಾರನ್ನು ತೋರಿಸಿತು. ಎಂಜಿನ್ನಿದ್ದ ಜಾಗದಲ್ಲಿ 40 ಕಿಲೋವಾಟ್-ಗಂಟೆಯ ಬ್ಯಾಟರಿ, ಗೇರುಪೆಟ್ಟಿಗೆಯ ಜಾಗದಲ್ಲಿ 220 ಕಿಲೋವಾಟಿನ ಮೋಟರ್. ಒಟ್ಟು ತೂಕ ಮೂಲಕ್ಕಿಂತ 46 ಕಿ.ಗ್ರಾಂ. ಕಡಿಮೆ. ಸೊನ್ನೆಯಿಂದ ಗಂಟೆಗೆ 96 ಕಿ.ಮೀ. ವೇಗಕ್ಕೆ 5.5 ಸೆಕೆಂಡ್. ಒಮ್ಮೆ ಚಾರ್ಜು ಮಾಡಿದರೆ ಸುಮಾರು 270 ಕಿ.ಮೀ. 2018ರ ಮೇ ತಿಂಗಳಲ್ಲಿ ಬ್ರಿಟನ್ನಿನ ರಾಜಕುಮಾರ ಹ್ಯಾರಿಯ ಮದುವೆಯ ದಿನ ಜಗತ್ತೆಲ್ಲ ಅದನ್ನು ಕಂಡಿತು.

ತಂತ್ರಜ್ಞಾನವಾಗಿ ನೋಡಿದರೆ ಇದು ಬಹಳ ಪ್ರಾಮಾಣಿಕ ಕೆಲಸ. ಬ್ಯಾಟರಿಯ ಗಾತ್ರ, ತೂಕಗಳನ್ನು ಎಂಜಿನ್ನಿಗೆ ಸಮನಾಗಿಸಿದ್ದರಿಂದ ಸ್ಪ್ರಿಂಗು, ಬ್ರೇಕು ಯಾವುದನ್ನೂ ಬದಲಿಸಬೇಕಾಗಲಿಲ್ಲ. ಬೇಕಾದರೆ ಹಳೆಯ ಎಂಜಿನ್ನನ್ನು ಮತ್ತೆ ಕೂರಿಸಬಹುದು. ಸನ್ಯಾಸಿಯ ಬೆಕ್ಕು, ಹಸುಗಳ ಕಾಟ ಇಲ್ಲಿಲ್ಲ. ಎಲ್ಲೆಂದರಲ್ಲಿ ತೂತು ಕೊರೆದು ಕಂಪ್ರೆಸರ್ ನೇತುಹಾಕುವವರು ಇದರಿಂದ ಕಲಿಯುವುದು ಬಹಳವಿದೆ. ಆದರೂ ಅದನ್ನು ಇ-ಟೈಪ್ ಎಂದು ಕರೆಯಲು ನಾನು ಒಪ್ಪುವುದಿಲ್ಲ. ಮೂರು ಕಾರ್ಬ್ಯುರೇಟರುಗಳು ಒಂದೇ ಶ್ರುತಿಯಲ್ಲಿ ಉಸಿರಾಡುವುದು, ಜೋಡಿ ಕ್ಯಾಮ್ ದಂಡಗಳು ಸರಪಣಿಯಿಂದ ತಿರುಗುವುದು, ಇವೆಲ್ಲ ಒಂದು ಕಾಲದ ಭೌತಶಾಸ್ತ್ರ ಮತ್ತು ಲೋಹವಿದ್ಯೆಯ ಸಾಕ್ಷ್ಯ. ಉಳಿದಿರುವುದು ಆ ಕಾಲದ ಅಂಗಿ ಮಾತ್ರ.

ಪರಿಸರದ ವಾದವನ್ನೂ ತೂಗಿ ನೋಡಬೇಕು. ಇಂಥ ಕಾರು ವರ್ಷಕ್ಕೆ 2,000 ಕಿ.ಮೀ. ಓಡಿದರೆ ಹೆಚ್ಚು. 100 ಕಿ.ಮೀ.ಗೆ 14 ಲೀಟರಿನಂತೆ 280 ಲೀಟರ್ ಪೆಟ್ರೋಲ್, ಅದರಿಂದ 640 ಕಿ.ಗ್ರಾಂ.ನಷ್ಟು ಕಾರ್ಬನ್ ಡೈಆಕ್ಸೈಡ್. ಬ್ಯಾಟರಿ ತಯಾರಿಕೆಯಲ್ಲಿ ಪ್ರತಿ ಕಿಲೋವಾಟ್-ಗಂಟೆಗೆ 60ರಿಂದ 100 ಕಿ.ಗ್ರಾಂ. ಎಂಬ ಅಂದಾಜು ಹಿಡಿದರೆ 40ಕ್ಕೆ 2,400ರಿಂದ 4,000 ಕಿ.ಗ್ರಾಂ. ಕಲ್ಲಿದ್ದಲಿನ ವಿದ್ಯುತ್ತೇ ಹೆಚ್ಚಾಗಿರುವಲ್ಲಿ ಚಾರ್ಜು ಮಾಡಿದರೆ ವರ್ಷಕ್ಕೆ ಇನ್ನೂರು ಕಿಲೋಗೂ ಮಿಕ್ಕಿ ಸೇರುತ್ತದೆ. ಸಾಲ ತೀರಲು ಆರರಿಂದ ಹತ್ತು ವರ್ಷ ಬೇಕು. ದಿನವೂ ಓಡುವ ಬಸ್ಸು, ಆಟೋಗಳಲ್ಲಿ ಅದೇ ಬ್ಯಾಟರಿ ಎಷ್ಟೋ ಬೇಗ ಸಾಲ ತೀರಿಸುತ್ತದೆ.

ಐತಿಹಾಸಿಕ ವಾಹನಗಳ ಅಂತರರಾಷ್ಟ್ರೀಯ ಒಕ್ಕೂಟವಾದ ಫಿವಾ 2019ರಲ್ಲಿ, ವಿದ್ಯುತ್ತಿಗೆ ಬದಲಾದ ಕಾರು ತನ್ನ ವ್ಯಾಖ್ಯೆಯಂತೆ ಐತಿಹಾಸಿಕ ವಾಹನವಾಗದು ಎಂದಿತು. ಯಾರಾದರೂ ಬದಲಿಸುವುದೇ ಆದರೆ ಅದು ಮರಳಿಸುವಂತಿರಲಿ, ಕಳಚಿದ ಭಾಗಗಳಿಗೆ ಗುರುತು ಹಾಕಿ ಭದ್ರವಾಗಿಡಿ ಎಂದೂ ಸೂಚಿಸಿತು. ಅದೇ ವರ್ಷದ ಕೊನೆಯಲ್ಲಿ ಜಾಗ್ವಾರ್ ತನ್ನ ಯೋಜನೆಯನ್ನು ತಡೆಹಿಡಿಯಿತು; ಖಾಸಗಿ ಕಾರ್ಯಾಗಾರಗಳು ಇಂಥ ಕೆಲಸವನ್ನು ಮುಂದುವರಿಸಿವೆ. ನಮ್ಮ ದೇಶದಲ್ಲಿ 2021ರ ಜುಲೈನಲ್ಲಿ ತಿದ್ದುಪಡಿಯಾದ ಮೋಟಾರು ವಾಹನ ನಿಯಮಗಳಂತೆ, 50 ವರ್ಷ ದಾಟಿದ, ಮೂಲ ರೂಪದಲ್ಲಿ ಉಳಿದ, ಚಾಸಿಸ್, ಮೈ, ಎಂಜಿನ್‌ಗಳಲ್ಲಿ ಗಣನೀಯ ಮಾರ್ಪಾಟಾಗದ ವಾಹನಕ್ಕಷ್ಟೇ ‘ವಿಂಟೇಜ್’ ನೋಂದಣಿ ಮತ್ತು ‘ವಿಎ’ ಅಕ್ಷರಗಳ ಫಲಕ. ಕರ್ನಾಟಕದಲ್ಲಿ ಹಳೆಯ ಕಾರಿಟ್ಟುಕೊಂಡು ಎಂಜಿನ್ ಬದಲಿಸಲು ಹೊರಟವರು ಕಾರ್ಯಾಗಾರಕ್ಕೆ ಮುಂಗಡ ಕೊಡುವ ಮೊದಲು ಈ ನಿಯಮವನ್ನು ಓದಬೇಕು. ಎಂಜಿನ್ನಿನ ಮೇಲೆ ಕೊರೆದ ಸಂಖ್ಯೆಯೂ ಚಾಸಿಸ್ಸಿನ ಫಲಕದ ಸಂಖ್ಯೆಯೂ ಕಾರ್ಖಾನೆಯ ದಾಖಲೆಯಲ್ಲಿ ಒಟ್ಟಿಗೇ ಇರುತ್ತವೆ. ಒಂದನ್ನು ಗುಜರಿಗೆ ಮಾರಿದ ಮೇಲೆ ಆ ಜೋಡಿಯನ್ನು ಕೂಡಿಸಿಕೊಡುವ ಕಿಟ್ಟು ಯಾರೂ ಮಾರುವುದಿಲ್ಲ.